ಎರಡು ರಿಪೋರ್ಟ್ ಪಕ್ಕಪಕ್ಕ ಇಟ್ಟು ನೋಡಿ

ಕೇಳುಗರಿಗೆ ನಮಸ್ಕಾರ.

ಆಪರೇಷನ್ ಚೆನ್ನಾಗಿ ಆಗಿದೆ. ಹೊಲಿಗೆ ಒಣಗುತ್ತಿದೆ. ರೋಗಿ ಎದ್ದು ನಾಲ್ಕು ಹೆಜ್ಜೆ ನಡೆದಿದ್ದಾರೆ. ಅಂಥ ಹೊತ್ತಿನಲ್ಲಿ, ಆರನೇ ದಿನವೋ ಏಳನೇ ದಿನವೋ, ಒಂದು ಕಾಲು ಊದಿಕೊಳ್ಳುತ್ತದೆ. ಮೀನಖಂಡ ಮುಟ್ಟಿದರೆ ನೋವು. ರಕ್ತ ಪರೀಕ್ಷೆ ಮಾಡಿದರೆ, ರಕ್ತ ಹೆಪ್ಪುಗಟ್ಟಿಸುವ ಚಿಕ್ಕ ಕಣಗಳಾದ ಪ್ಲೇಟ್‌ಲೆಟ್ ಅರ್ಧಕ್ಕಿಂತ ಕೆಳಗೆ ಇಳಿದಿದೆ. ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಟ್ಟ ಹೆಪಾರಿನ್ ಇಂಜೆಕ್ಷನ್ನೇ ಇದಕ್ಕೆ ಕಾರಣ ಆಗಿರಬಹುದು.

ಹೆಪಾರಿನ್ ಕೆಟ್ಟ ಔಷಧಿ ಅಲ್ಲ. 1916ರಲ್ಲಿ ಪತ್ತೆಯಾದ ಇದು ಲೆಕ್ಕವಿಲ್ಲದಷ್ಟು ಜೀವ ಉಳಿಸಿದೆ. ಆದರೆ ಅದು ಪ್ಲೇಟ್‌ಲೆಟ್‌ಗಳಿಂದ ಬರುವ ಒಂದು ಪ್ರೋಟೀನ್‌ಗೆ ಅಂಟಿಕೊಳ್ಳುತ್ತದೆ. ಕೆಲವರ ದೇಹ ಆ ಜೋಡಿಯನ್ನು ಶತ್ರು ಅಂದುಕೊಂಡು ಪ್ರತಿಕಾಯ (ಆಂಟಿಬಾಡಿ) ತಯಾರಿಸುತ್ತದೆ. ಆ ಪ್ರತಿಕಾಯಗಳು ಪ್ಲೇಟ್‌ಲೆಟ್‌ಗಳನ್ನು ಕೆರಳಿಸಿ ಗುಂಪುಗೂಡಿಸುತ್ತವೆ. ಪ್ಲೇಟ್‌ಲೆಟ್ ಕಡಿಮೆಯಾದರೆ ರಕ್ತ ಸೋರಬೇಕು, ಅಲ್ವಾ? ಇಲ್ಲಿ ಉಲ್ಟಾ. ಸಂಖ್ಯೆ ಇಳಿಯುತ್ತದೆ, ಹೆಪ್ಪು ಜಾಸ್ತಿಯಾಗುತ್ತದೆ. ಕಾಲಿನಲ್ಲಿ ಕಟ್ಟಿದ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.

ಇದು ಸಾಮಾನ್ಯವಾಗಿ ಹೆಪಾರಿನ್ ಶುರುವಾದ 5ರಿಂದ 10ನೇ ದಿನದ ಒಳಗೆ ಕಾಣಿಸುತ್ತದೆ. ಆಪರೇಷನ್ ಆದ ಮೊದಲ ಎರಡು ಮೂರು ದಿನ ಪ್ಲೇಟ್‌ಲೆಟ್ ಹೇಗೂ ಸ್ವಲ್ಪ ಇಳಿಯುತ್ತದೆ, ಆಮೇಲೆ ಏರುತ್ತದೆ. ಏರಿದ್ದು ಮತ್ತೆ ಜಾರಿದರೆ ಅನುಮಾನ ಪಡಬೇಕು.

ನನಗೆ ತುಂಬಾ ಕಾಳಜಿ ಇರುವುದು ಇಲ್ಲಿ. ಪ್ಲೇಟ್‌ಲೆಟ್ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇದ್ದರೆ ರಿಪೋರ್ಟ್ ಅದನ್ನು ಸರಿ ಎನ್ನುತ್ತದೆ. ಆಪರೇಷನ್‌ಗೆ ಮುಂಚೆ 4 ಲಕ್ಷ ಇದ್ದವರಿಗೆ ಈಗ 1 ಲಕ್ಷ 80 ಸಾವಿರ ಅಂದುಕೊಳ್ಳಿ. ಆ ಹಾಳೆಯಲ್ಲಿ ಯಾವ ಗುರುತೂ ಇರುವುದಿಲ್ಲ, ಆದರೆ ಅರ್ಧಕ್ಕಿಂತ ಹೆಚ್ಚು ಹೋಗಿಬಿಟ್ಟಿದೆ. ಹಳೆಯ ರಿಪೋರ್ಟ್ ಪಕ್ಕದಲ್ಲಿಟ್ಟರೆ ಮಾತ್ರ ಕಾಣುತ್ತದೆ.

ಅನುಮಾನ ಬಂದರೆ ವೈದ್ಯರು ಹೆಪಾರಿನ್ ಪೂರ್ತಿ ನಿಲ್ಲಿಸುತ್ತಾರೆ. ಕೈಗೆ ಹಾಕಿದ ಸೂಜಿ ಕಟ್ಟಿಕೊಳ್ಳದಿರಲಿ ಅಂತ ಹಾಕುವ ಆ ಚೂರು ಹೆಪಾರಿನ್ ಕೂಡ ನಿಲ್ಲಬೇಕು. ಅದು ಎಷ್ಟೋ ಸಲ ಯಾರ ನೆನಪಿಗೂ ಬರುವುದಿಲ್ಲ. ಬರೀ ನಿಲ್ಲಿಸಿದರೂ ಸಾಲದು. ಅರ್ಗಟ್ರೊಬಾನ್, ಫೊಂಡಾಪರಿನಕ್ಸ್‌ನಂಥ ಹೆಪ್ಪು ತಡೆಯುವ ಬೇರೆ ಔಷಧಿ ಶುರು ಮಾಡುತ್ತಾರೆ. ಹಾಗಾಗಿ ಭಯಪಟ್ಟು ನೀವೇ ಇಂಜೆಕ್ಷನ್ ಬಿಡಬೇಡಿ, ತಕ್ಷಣ ವೈದ್ಯರಿಗೆ ಹೇಳಿ.

ರಕ್ತಕಣಗಳಿಗೆ ತೊಂದರೆ ಮಾಡುವ ಬೇರೆ ಔಷಧಿಗಳೂ ಇವೆ. ಲಿನೆಝೋಲಿಡ್ ಎಂಬ ಆಂಟಿಬಯೋಟಿಕ್ ಎರಡು ವಾರ ದಾಟಿದರೆ ಪ್ಲೇಟ್‌ಲೆಟ್ ಇಳಿಸಬಹುದು. ಕೆಲವು ಆಂಟಿಬಯೋಟಿಕ್‌ಗಳಿಂದ ಕೆಂಪು ರಕ್ತಕಣ ಒಡೆದು ಕಣ್ಣು ಹಳದಿಯಾಗಬಹುದು, ಮೂತ್ರ ಕಪ್ಪಗಾಗಬಹುದು.

ಈಗ ಬೇಗ ಮನೆಗೆ ಕಳಿಸುತ್ತಾರೆ, ಇಂಜೆಕ್ಷನ್ ಮನೆಯಲ್ಲೇ ನಡೆಯುತ್ತದೆ. ಆ ಏಳನೇ ದಿನ ಕಾಲು ನೋಡುವವರು ನೀವೇ. ಹೆಪಾರಿನ್‌ನಿಂದ ಒಮ್ಮೆ ಹೀಗಾಗಿದ್ದರೆ ಡಿಸ್ಚಾರ್ಜ್ ಹಾಳೆಯಲ್ಲಿ ದೊಡ್ಡದಾಗಿ ಬರೆಸಿಕೊಳ್ಳಿ. ಮೂರು ತಿಂಗಳೊಳಗೆ ಮತ್ತೆ ಕೊಟ್ಟರೆ, ಐದು ದಿನ ಕಾಯದೆ ಒಂದೇ ದಿನದಲ್ಲಿ ಪ್ಲೇಟ್‌ಲೆಟ್ ಕುಸಿಯಬಹುದು.