ಯಾರೊಬ್ಬಾಮನ ಎರಡು ಕರುಗಳು

ಕೇಳುಗರಿಗೆ ನಮಸ್ಕಾರ.

ಬೈಬಲ್ ವಿಗ್ರಹಾರಾಧನೆಯನ್ನು ಏಕೆ ಒಪ್ಪುವುದಿಲ್ಲ ಎಂದು ಕೇಳಿದರೆ ಬಹಳ ಜನ ಕಲ್ಲು, ಮರ, ಲೋಹದ ಮಾತು ತೆಗೆಯುತ್ತಾರೆ. ಲೋಹದ ಮೇಲೆ ಬೈಬಲಿಗೆ ಸಿಟ್ಟೇನೂ ಇಲ್ಲ. ಎರಡೂವರೆ ಮೊಳ ಉದ್ದ, ಒಂದೂವರೆ ಮೊಳ ಅಗಲದ ಕೃಪಾಸನವನ್ನು, ಅಂದರೆ ಒಡಂಬಡಿಕೆಯ ಪೆಟ್ಟಿಗೆಯ ಮುಚ್ಚಳವನ್ನು, ಚೊಕ್ಕ ಬಂಗಾರದಲ್ಲಿ ಮಾಡಿಸು, ಅದರ ಎರಡು ತುದಿಗೂ ರೆಕ್ಕೆ ಚಾಚಿದ ಬಂಗಾರದ ಕೆರೂಬಿಗಳನ್ನು, ಅಂದರೆ ದೇವದೂತರಂಥ ಆಕೃತಿಗಳನ್ನು, ನಿಲ್ಲಿಸು ಎಂದು ಇಸ್ರಾಯೇಲರ ನಾಯಕ ಮೋಶೆಗೆ ಅಪ್ಪಣೆ ಕೊಟ್ಟವನೇ ಯೆಹೋವ ದೇವರು. ಆ ಎರಡರ ನಡುವಿನ ಜಾಗ ಮಾತ್ರ ಖಾಲಿ. ಅಲ್ಲಿಂದ ಮಾತಾಡುತ್ತೇನೆ ಎಂದ ದೇವರು ಅಲ್ಲೊಂದು ರೂಪ ಕೂರಿಸು ಅನ್ನಲಿಲ್ಲ. ಕಾರಣ ಧರ್ಮೋಪದೇಶಕಾಂಡದ 4ನೇ ಅಧ್ಯಾಯದಲ್ಲಿದೆ: ದೇವರು ಆಜ್ಞೆಗಳನ್ನು ಕೊಟ್ಟ ಹೋರೇಬ್ ಬೆಟ್ಟದಲ್ಲಿ ಜನ ಧ್ವನಿ ಕೇಳಿದರು, ರೂಪ ಕಾಣಲಿಲ್ಲ. ಈಗ ನೀವು ರೇಡಿಯೊ ಮುಂದೆ ಕೂತಿರುವ ಹಾಗೆ ಅನ್ನಿ.

ನಾನು ಹೇಳಬೇಕಾದದ್ದು ಒಂದೇ. ಬೈಬಲಿನಲ್ಲಿ ವಿಗ್ರಹ ಎಷ್ಟೋ ಸಲ ಬರುವುದು ಅದೇ ದೇವರ ಹೆಸರು ಹೇಳಿಕೊಂಡು, ಅನುಕೂಲಕ್ಕಾಗಿ. ಮರುಭೂಮಿಯಲ್ಲಿ ಕರು ಎರಕ ಹೊಯ್ದ ಮೋಶೆಯ ಅಣ್ಣ ಆರೋನ, ನಾಳೆ ಯೆಹೋವನಿಗೆ ಹಬ್ಬ ಎಂದೇ ಸಾರಿದ್ದು.

ಇನ್ನೂ ಸ್ಪಷ್ಟವಾಗಬೇಕಾದರೆ ಯಾರೊಬ್ಬಾಮನನ್ನು ನೋಡಬೇಕು. ಸುಮಾರು ಕ್ರಿ.ಪೂ. 930. ಇಸ್ರಾಯೇಲಿನ ಅರಸ ಸೊಲೊಮೋನ ತೀರಿಕೊಂಡು ರಾಜ್ಯ ಒಡೆಯಿತು. ಉತ್ತರದ ಹತ್ತು ಕುಲಗಳು ಯಾರೊಬ್ಬಾಮನ ಪಾಲಾದವು, ದೇವಾಲಯ ದಕ್ಷಿಣದ ಯೆರೂಸಲೇಮಿನಲ್ಲೇ ಉಳಿಯಿತು. ಗಂಡಸರೆಲ್ಲ ವರ್ಷಕ್ಕೆ ಮೂರು ಸಲ ದೇವಸನ್ನಿಧಿಗೆ ಹೋಗಬೇಕೆಂಬುದು ಧರ್ಮಶಾಸ್ತ್ರದ ಮಾತು. ಮೂರು ಸಲ ಎದುರಾಳಿಯ ರಾಜಧಾನಿಗೆ ಹೋಗಿಬರುವ ಪ್ರಜೆ ಎಷ್ಟು ದಿನ ತನ್ನವನಾಗಿ ಉಳಿದಾನು? ರಾಜನನ್ನು ಕಾಡಿದ್ದು ಸಿಂಹಾಸನದ ಚಿಂತೆ.

ಅದಕ್ಕೆ ಎರಡು ಬಂಗಾರದ ಕರು ಮಾಡಿಸಿದ. ಒಂದು ಬೇತೇಲಿಗೆ. ಯೆರೂಸಲೇಮಿಗೆ ಹೋಗುವ ದಾರಿಯಲ್ಲೇ ಇರುವ ಊರು, ಅಲ್ಲಿಂದ ಮುಂದೆ 20 ಕಿಲೋಮೀಟರ್ ಕೂಡ ಇಲ್ಲ. ಇನ್ನೊಂದು ಹೆರ್ಮೋನ್ ಬೆಟ್ಟದ ಬುಡದ ದಾನ್ ಊರಿಗೆ, ರಾಜ್ಯದ ಉತ್ತರದ ತುದಿಗೆ. ಯೆರೂಸಲೇಮಿನ ಯಾತ್ರೆ ಸಾಕು, ನಿಮ್ಮನ್ನು ಐಗುಪ್ತದಿಂದ ಬಿಡಿಸಿ ತಂದ ದೇವರು ಇಲ್ಲೇ ಇದ್ದಾನೆ ಎಂದ. ಕಾನಾನ್ಯರ ದೇವರಾದ ಬಾಳನ ಹೆಸರನ್ನೇ ಎತ್ತಲಿಲ್ಲ, ಗಮನಿಸಿ! ದೇವಸೇವೆಗೆಂದು ನೇಮಕವಾಗಿದ್ದ ಲೇವಿ ಕುಲದವರನ್ನು ಬಿಟ್ಟು ಸಿಕ್ಕಸಿಕ್ಕವರನ್ನು ಯಾಜಕರನ್ನಾಗಿ ಮಾಡಿದ. 7ನೇ ತಿಂಗಳ 15ಕ್ಕೆ ಬರುತ್ತಿದ್ದಂಥ ಹಬ್ಬವನ್ನು 8ನೇ ತಿಂಗಳ 15ಕ್ಕೆ ಇಟ್ಟುಕೊಂಡ. ಜಾಗ, ಪೂಜಾರಿ, ಪಂಚಾಂಗ, ಎಲ್ಲ ಅರಮನೆಯ ಕೈಗೆ ಬಂತು. ಇಂಥ ದೇವರು ಅರಸನಿಗೆ ಎದುರು ಮಾತಾಡುವುದುಂಟೆ? ಮುಂದೆ ಅದೇ ಬೇತೇಲಿನಲ್ಲಿ ಪ್ರವಾದಿ ಆಮೋಸ ಬಾಯಿ ತೆರೆದಾಗ ಅಲ್ಲಿಯ ಯಾಜಕ ಅಮಚ್ಯ ಹೇಳಿದ್ದು ಕೇಳಿ: ಇಲ್ಲಿ ಪ್ರವಾದಿಸಬೇಡ, ಇದು ರಾಜನ ಪವಿತ್ರಾಲಯ. ರಾಜನದಂತೆ! ಬಾಯಿ ತಪ್ಪಿ ನಿಜ ಹೊರಬಿತ್ತು.

ದಾನ್‌ನಲ್ಲಿ 1966ರಿಂದ ಪುರಾತತ್ವಜ್ಞ ಅವ್ರಹಾಂ ಬಿರಾನ್ ಉತ್ಖನನ ನಡೆಸಿದರು. ಪೂಜಾಸ್ಥಳದ ದೊಡ್ಡ ಕಲ್ಲಿನ ಜಗಲಿ ಸಿಕ್ಕಿತು. ಕರು ಸಿಗಲಿಲ್ಲ, ಬಂಗಾರವನ್ನು ಯಾರು ಬಿಟ್ಟಾರು?

ಸಮಯ ಓಡುತ್ತಿದೆ. ಕರುವಿಗೆ ಒಗ್ಗಿದ ಉತ್ತರದ ನಾಡಿಗೆ ಮುಂದೆ ಅಹಾಬ ಅರಸನ ಕಾಲದಲ್ಲಿ ಬಾಳನೂ ರಾಜಾರೋಷವಾಗಿ ಬಂದ. ಕರ್ಮೆಲ್ ಬೆಟ್ಟದಲ್ಲಿ ಬಾಳನ 450 ಪ್ರವಾದಿಗಳ ಎದುರು ಯೆಹೋವನ ಪ್ರವಾದಿ ಎಲೀಯ ಒಬ್ಬನೇ ನಿಂತ ಕಥೆ ನಿಮಗೆ ಗೊತ್ತೇ ಇದೆ. ಅಲ್ಲಿ ಅವನು ಬೈದದ್ದು ತನ್ನ ಜನವನ್ನೇ: ಎಷ್ಟು ದಿನ ಎರಡು ಮನಸ್ಸು? ಪ್ರವಾದಿಗಳ ಬೈಗುಳವನ್ನು ನೆರೆಯವರ ಮೇಲೆ ಎಸೆಯುವವರು ದಯವಿಟ್ಟು ಪುಸ್ತಕ ತೆರೆದು ಓದಲಿ. ಯೇಸುವಿನ ಅಪೊಸ್ತಲ ಪೌಲನಂತೂ ಕೊಲೊಸ್ಸೆ ಊರಿನ ಕ್ರೈಸ್ತರಿಗೆ ಬರೆಯುತ್ತಾ ಲೋಭವನ್ನೇ ವಿಗ್ರಹಾರಾಧನೆ ಎಂದುಬಿಟ್ಟ. ಅದಕ್ಕೆ ಕರುವೂ ಬೇಡ, ಅಕ್ಕಸಾಲಿಗನೂ ಬೇಡ.

ಇವತ್ತು 1 ಅರಸುಗಳು 12ನೇ ಅಧ್ಯಾಯದ 26ರಿಂದ 33ರವರೆಗೆ ಓದಿ, ಎಂಟೇ ವಚನ. ಆಮೇಲೆ 2 ಅರಸುಗಳು 18ರ 4ನೇ ವಚನ. ದೇವರ ಅಪ್ಪಣೆಯಿಂದಲೇ ಮೋಶೆ ಮಾಡಿಸಿದ್ದ ತಾಮ್ರದ ಸರ್ಪಕ್ಕೆ ಜನ ಧೂಪ ಹಾಕಲು ಶುರುಮಾಡಿದ್ದರು. ಹಿಜ್ಕೀಯ ಅರಸ ಅದನ್ನು ಒಡೆಸಿಹಾಕಿದ. ಯಾಕೆ ಒಡೆಸಿದ ಎಂದು ಇನ್ನು ನಾನು ಹೇಳಬೇಕಿಲ್ಲ. ನಮಸ್ಕಾರ.