ಗೋಲ್‌ಕೀಪರಿಗೆ ಕಾಲೂ ಬೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ಫುಟ್‌ಬಾಲಿನಲ್ಲಿ ಗೋಲ್ ಕಾಯುವ ಹುಡುಗ ಹುಡುಗಿಯರು, ಅವರನ್ನು ಅಲ್ಲಿ ನಿಲ್ಲಿಸುವ ಕೋಚ್‌ಗಳು ರೇಡಿಯೊ ದನಿಯನ್ನು ಸ್ವಲ್ಪ ಜೋರು ಮಾಡಿಕೊಳ್ಳಿ. ನಾನು ಹೇಳಬೇಕಾದ್ದು ಒಂದೇ ಮಾತು: ಗೋಲ್‌ಕೀಪರಿಗೆ ಕೈ ಎಷ್ಟು ಬೇಕೋ ಕಾಲೂ ಅಷ್ಟೇ ಬೇಕು.

ನಂಬಿಕೆ ಬರದಿದ್ದರೆ ಬ್ರೆಜಿಲ್ಲಿನ ರೋಜೇರಿಯೊ ಸೆನಿಯನ್ನು ನೋಡಿ. 1990ರಲ್ಲಿ ಸಾವೊ ಪಾವ್ಲೊ ಕ್ಲಬ್ಬಿಗೆ ಬಂದವರು 2015ರಲ್ಲಿ ನಿವೃತ್ತರಾದದ್ದೂ ಅಲ್ಲಿಂದಲೇ. ಆಡಿದ್ದು 1,200ಕ್ಕೂ ಹೆಚ್ಚು ಪಂದ್ಯ. ಗೋಲ್ ತಡೆಯುವುದೇ ಕೆಲಸವಾಗಿದ್ದ ಈ ಆಟಗಾರ ಹೊಡೆದ ಗೋಲುಗಳು ಎಷ್ಟು ಗೊತ್ತೇ? 131! ಹೆಚ್ಚುಕಡಿಮೆ ಎಲ್ಲವೂ ಫ್ರೀ ಕಿಕ್ (ಎದುರಾಳಿ ತಪ್ಪು ಮಾಡಿದಾಗ ನಿಂತ ಚೆಂಡನ್ನು ಒದೆಯುವ ಅವಕಾಶ) ಮತ್ತು ಪೆನಾಲ್ಟಿ (ಹತ್ತಿರದಿಂದ, ಗೋಲ್‌ಕೀಪರ್ ಒಬ್ಬರನ್ನೇ ಎದುರಿಸಿ ಒದೆಯುವುದು). ಅದೃಷ್ಟ ಅನ್ನಬೇಡಿ, ದಯವಿಟ್ಟು. ಅಭ್ಯಾಸದಲ್ಲಿ ಸಾವಿರಾರು ಸಲ ಒದ್ದು ಒದ್ದು ಪಳಗಿದ ಕಾಲು ಅದು.

ನನಗೆ ತುಂಬಾ ಇಷ್ಟವಾದ ಪಂದ್ಯ 2006ರ ಆಗಸ್ಟ್ 20ರದ್ದು. ಊರು ಬೆಲೊ ಒರಿಜೊಂಟಿ, ಎದುರಾಳಿ ಕ್ರುಜೇರೊ. ಸಾವೊ ಪಾವ್ಲೊ ಆಗಲೇ ಎರಡು ಗೋಲು ಬಿಟ್ಟುಕೊಟ್ಟಿದೆ. ಸಾಲದ್ದಕ್ಕೆ ಎದುರಾಳಿಗೆ ಪೆನಾಲ್ಟಿ ಬೇರೆ! ಮೂರನೆಯದೂ ಹೋದರೆ ಕಥೆ ಮುಗಿದಂತೆ. ಸೆನಿ ಅದನ್ನು ತಡೆದರು. ಆಮೇಲೆ ತಮ್ಮ ತಂಡಕ್ಕೆ ಫ್ರೀ ಕಿಕ್ ಸಿಕ್ಕಿದಾಗ ಗೋಲ್ ಬಿಟ್ಟು ಮುಂದೆ ಬಂದರು. ಸ್ವಲ್ಪ ಯೋಚಿಸಿ: ಹಿಂದೆ ಗೋಲ್ ಖಾಲಿ. ಒದ್ದ ಚೆಂಡು ಅಡ್ಡ ನಿಂತ ಆಟಗಾರರಿಗೆ ಬಡಿದು ವಾಪಸ್ ಬಂದರೆ, ಇಡೀ ಮೈದಾನ ಹಿಂದಕ್ಕೆ ಓಡಬೇಕು. ಆ ಗಂಡಾಂತರ ಗೊತ್ತಿದ್ದೂ ಒದ್ದರು, ಗೋಲು! ದ್ವಿತೀಯಾರ್ಧದಲ್ಲಿ ಪೆನಾಲ್ಟಿ ಸಿಕ್ಕಿತು, ಅದನ್ನೂ ಅವರೇ ಹೊಡೆದರು. ಪಂದ್ಯ 2-2. ಗೋಲ್‌ಕೀಪರ್ ಒಬ್ಬರು ಹೊಡೆದ ಅತಿ ಹೆಚ್ಚು ಗೋಲುಗಳೆಂದು ಪರಾಗ್ವೆಯ ಗೋಲ್‌ಕೀಪರ್ ಚಿಲಾವರ್ಟ್ ಹೆಸರಲ್ಲಿದ್ದ 62 ಗೋಲುಗಳ ದಾಖಲೆ ಅವತ್ತೇ ಮುರಿಯಿತು. ಕೈಯಿಂದ ಒಂದು ಉಳಿಸಿದರು, ಕಾಲಿಂದ ಎರಡು ಗಳಿಸಿದರು. ಇದಕ್ಕಿಂತ ಸಾಕ್ಷಿ ಬೇಕೇ?

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 2005ರಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಸಾವೊ ಪಾವ್ಲೊ ತಂಡ ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬನ್ನು 1-0ರಿಂದ ಸೋಲಿಸಿ ಕ್ಲಬ್ ವಿಶ್ವಕಪ್ ಗೆದ್ದಿತು. ಅಲ್ಲಿ ಲಿವರ್‌ಪೂಲಿನ ಆಟಗಾರ ಜೆರಾರ್ಡ್ ಒದ್ದ ಫ್ರೀ ಕಿಕ್ಕನ್ನು ಹಾರಿ ತಡೆದದ್ದು ಇದೇ ಸೆನಿ. ಮತ್ತೆ, 2011ರ ಮಾರ್ಚ್ 27ರಂದು ಬದ್ಧ ಎದುರಾಳಿ ಕೊರಿಂಥಿಯನ್ಸ್ ವಿರುದ್ಧ ನೂರನೇ ಗೋಲು. ಅದೂ ಫ್ರೀ ಕಿಕ್ಕಿನಿಂದಲೇ!

ಕೋಚ್‌ಗಳೇ, ಓಡಲಾಗದ ಹುಡುಗನನ್ನು ಹುಡುಕಿ ಗೋಲಿಗೆ ನಿಲ್ಲಿಸುವುದನ್ನು ಇನ್ನಾದರೂ ಬಿಡಿ. ನಾಳೆ ಬೆಳಿಗ್ಗೆ ಬೇರೆಯವರು ಫ್ರೀ ಕಿಕ್ ಅಭ್ಯಾಸ ಮಾಡುವಾಗ ನಿಮ್ಮ ಗೋಲ್‌ಕೀಪರನ್ನೂ ಆ ಸಾಲಿಗೆ ಸೇರಿಸಿ. ನಮಸ್ಕಾರ.