ಕಡಲು ಬಾಗಿಲು ಹಾಕದ ಊರಲ್ಲಿ ಊಟ

ಎಲ್ಲರಿಗೂ ನಮಸ್ಕಾರ. ಕರೆದವರು "ಆರೋಗ್ಯದ ಬಗ್ಗೆ ನಾಲ್ಕು ಮಾತು" ಅಂದರು. ನಾನು ಡಾಕ್ಟರಲ್ಲ, ಲೆಕ್ಕ ಬರೆಯುವವನು. 2011ರಲ್ಲಿ ನಮ್ಮ ಹೊನ್ನಾವರದಿಂದ ದುಬೈಗೆ ಹೋದಾಗ ನನ್ನ ತೂಕ 61 ಕೆ.ಜಿ. ಮೂರು ವರ್ಷ ಬಿಟ್ಟು ರಜೆಗೆ ಬಂದಾಗ 78. ಬಸ್ ಸ್ಟ್ಯಾಂಡಿನಲ್ಲಿ ಸ್ವಂತ ಚಿಕ್ಕಪ್ಪನೇ ನನ್ನ ಮುಖ ನೋಡಿ ದಾಟಿ ಹೋದ. ಮನೆಯಲ್ಲಿ ಮಾತ್ರ ಎಲ್ಲರಿಗೂ ಖುಷಿ. "ಅಲ್ಲಿಯ ನೀರು ಹಿಡಿದಿದೆ" ಅಂದರು. ನೀರೊಂದೇ ಆಗಿದ್ದರೆ ಚೆನ್ನಾಗಿತ್ತು.

ಇಲ್ಲಿ ಹೊರಡಲು ತಯಾರಾದ ಹುಡುಗರು ಕೂತಿದ್ದೀರಿ. ಪರದೇಶದಲ್ಲಿ ಬರ್ಗರ್, ಪಿಜ್ಜಾ ತಿಂದು ದಪ್ಪಗಾಗುತ್ತಾರೆ ಅಂತ ಕೇಳಿರುತ್ತೀರಿ, ಅಲ್ವಾ? ನಮ್ಮ ರೂಮಿನಲ್ಲಿ ಆರು ಜನ ಇದ್ದೆವು. ಬರ್ಗರ್ ತಿನ್ನುವಷ್ಟು ಧಾರಾಳ ಯಾರಿಗೂ ಇರಲಿಲ್ಲ, ಊರಿಗೆ ದುಡ್ಡು ಕಳಿಸಬೇಕಲ್ಲ. ನಾವು ಊದಿದ್ದು ನಮ್ಮದೇ ಅಡುಗೆ ತಿಂದು.

ಹೇಗೆ ಅಂತ ಹೇಳುತ್ತೇನೆ. ಇಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ತಾಜಾ ಮೀನು ಸಿಗುವುದೇ ಕಷ್ಟ, ಸಿಕ್ಕರೂ ರೇಟು ಕೇಳಿ ವಾಪಸ್ ಬರಬೇಕು. ಒಣಮೀನು, ಹುರುಳಿ ಸಾರು, ಕೆಸುವಿನ ಸೊಪ್ಪು, ಹಲಸಿನ ಬೀಜದಲ್ಲೇ ಮಳೆಗಾಲ ಕಳೆಯುತ್ತದೆ. ಅದು ಮುಗಿಯುವ ಹೊತ್ತಿಗೆ ಶ್ರಾವಣ. ನಮ್ಮಮ್ಮ ಮೀನಿನ ಮಡಕೆಯನ್ನೇ ಅಟ್ಟಕ್ಕೆ ಹಾಕಿಬಿಡುತ್ತಿದ್ದಳು. ಆಮೇಲೂ ಸೋಮವಾರ ಇಲ್ಲ. ಕೋಳಿ ಅಂದರೆ ನೆಂಟರು ಬಂದ ದಿನ, ಹೋಳಿಗೆ ಅಂದರೆ ಹಬ್ಬ. ನಾವೇನೂ ದೊಡ್ಡ ಸಂಯಮಿಗಳಾಗಿರಲಿಲ್ಲ. ಕಡಲು, ಮಳೆ, ದೇವರು, ಅಮ್ಮ ಎಲ್ಲರೂ ಸೇರಿ ನಮ್ಮ ನಾಲಿಗೆಗೆ ಬೇಲಿ ಹಾಕಿದ್ದರು.

ದುಬೈಯಲ್ಲಿ ಕಡಲು ಬಾಗಿಲು ಹಾಕುವುದಿಲ್ಲ. ಆಷಾಢವೂ ಇಲ್ಲ, ಶ್ರಾವಣವೂ ಇಲ್ಲ. ಮಧ್ಯರಾತ್ರಿಯೂ ಫ್ರೀಜರ್ ತುಂಬ ಕೋಳಿ. ಇನ್ನೊಂದು ವಿಷಯ, ಊರಿನ ನೆನಪಾದಾಗ ಯಾರೂ ಗಂಜಿ ಬೇಯಿಸುವುದಿಲ್ಲ. ನೆನಪಾಗುವುದೇ ಹಬ್ಬದ ಅಡುಗೆ. ವಾರದ ರಜೆಗೆ ಬಿರಿಯಾನಿ, ನಡುವೆ ಯಾರದೋ ಹುಟ್ಟುಹಬ್ಬಕ್ಕೆ ಕೋಳಿ ಸಾರು, ವಡೆ. ಊರಲ್ಲಿ ವರ್ಷಕ್ಕೆ ಹತ್ತು ಸಲ ಉಣ್ಣುತ್ತಿದ್ದ ಊಟವನ್ನು ಅಲ್ಲಿ ತಿಂಗಳಿಗೆ ಹತ್ತು ಸಲ ಉಂಡೆವು. ಅದೂ ರಾತ್ರಿ ಹನ್ನೊಂದಕ್ಕೆ, ಡ್ಯೂಟಿ ಮುಗಿಸಿ. ಉಂಡವರೇ ಮಲಗುವುದು.

ನಡಿಗೆಯಂತೂ ಕೇಳಬೇಡಿ. ರೂಮಿನಿಂದ ಲಿಫ್ಟು, ಲಿಫ್ಟಿನಿಂದ ಕಂಪನಿ ಬಸ್ಸು, ಬಸ್ಸಿನಿಂದ ಎಸಿ ಆಫೀಸು. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಬಿಸಿಲಲ್ಲಿ ಸುಮ್ನೆ ತಿರುಗಾಡುವವರು ಯಾರು? (ಬಿಲ್ಡಿಂಗ್ ಕೆಲಸದವರ ಕಥೆ ಬೇರೆ. ಅವರು ಆ ಬಿಸಿಲಲ್ಲೇ ದುಡಿದು ಸೊರಗುತ್ತಾರೆ. ಅವರ ಮುಂದೆ ನಿಂತು ನಾನು ಈ ಭಾಷಣ ಮಾಡಲಾರೆ.)

ಇದು ನಮ್ಮೊಬ್ಬರ ಕಥೆಯಲ್ಲ. 1960ರ ದಶಕದಲ್ಲಿ ಜಪಾನಿನಲ್ಲಿ, ಹವಾಯಿಯಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಇದ್ದ ಜಪಾನಿ ಗಂಡಸರನ್ನು ಹೋಲಿಸಿ ಒಂದು ದೊಡ್ಡ ಅಧ್ಯಯನ ಶುರುವಾಯಿತು. ಮೂಲ ಒಂದೇ, ಊರು ಮಾತ್ರ ಬೇರೆ. ಅಮೆರಿಕದ ಕಡೆ ಇದ್ದವರ ತೂಕ ಜಾಸ್ತಿ, ಹೃದಯದ ಕಾಯಿಲೆಯೂ ಜಾಸ್ತಿ. ಅವರ ಊಟದಲ್ಲಿ ಕೊಬ್ಬಿನ ಪಾಲು ಜಪಾನಿನಲ್ಲಿ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಒಟ್ಟು ಕ್ಯಾಲೊರಿಯಲ್ಲಿ ಮಾತ್ರ ಅಂಥ ದೊಡ್ಡ ವ್ಯತ್ಯಾಸ ಇರಲಿಲ್ಲ. ಇದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ನಡಿಗೆ ತಪ್ಪಿಸಿದ ಆ ಲಿಫ್ಟು.

ಈಗ ನನ್ನ ಕಸುಬಿನ ಲೆಕ್ಕ. 330 ಮಿ.ಲೀ. ಕೋಲಾ ಡಬ್ಬಿಯಲ್ಲಿ ಸುಮಾರು 35 ಗ್ರಾಂ ಸಕ್ಕರೆ, 140 ಕ್ಯಾಲೊರಿ. ದಿನಕ್ಕೊಂದು ಕುಡಿದರೆ ವರ್ಷಕ್ಕೆ 51,100. ಒಂದು ಕೆ.ಜಿ. ಕೊಬ್ಬಿಗೆ ಸುಮಾರು 7,700 ಅಂತ ಹಿಡಿದರೆ ಆರೂವರೆ ಕೆ.ಜಿ. ಆಯಿತು. ಮೈ ನನ್ನ ಖಾತೆ ಪುಸ್ತಕದಷ್ಟು ನೇರವಲ್ಲ, ಭಾರ ಹೆಚ್ಚಿದಂತೆ ಖರ್ಚೂ ಹೆಚ್ಚುತ್ತದೆ, ಅಷ್ಟೂ ಜಮಾ ಆಗುವುದಿಲ್ಲ. ಆದರೂ ಯಾವ ಕಡೆಗೆ ಹೋಗುತ್ತಿದ್ದೇವೆ ಅಂತ ಗೊತ್ತಾಗುತ್ತದೆ. 2017ರ ಅಕ್ಟೋಬರಿನಲ್ಲಿ ಅಲ್ಲಿಯ ಸರ್ಕಾರ ಇಂಥ ಪಾನೀಯಗಳ ಮೇಲೆ 50% ತೆರಿಗೆ ಹಾಕಿತು. ನಮ್ಮ ರೂಮಿನವರು ಜಾಣರು, ಕೋಲಾ ಬಿಟ್ಟು 'ಕರಕ್' ಚಹಾ ಹಿಡಿದರು. ನಮ್ಮ 'ಕಡಕ್' ಚಾ ಅಂತಲೇ ಇಟ್ಟುಕೊಳ್ಳಿ, ಡಬ್ಬಿ ಹಾಲು, ಕೈಬಿಚ್ಚಿ ಹಾಕಿದ ಸಕ್ಕರೆ. ದಿನಕ್ಕೆ ನಾಲ್ಕು!

ನನ್ನ ಎತ್ತರ 168 ಸೆಂ.ಮೀ. 78 ಕೆ.ಜಿ. ಇದ್ದಾಗ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಅಳತೆ, 27.6. ಸಾಮಾನ್ಯವಾಗಿ 25 ದಾಟಿದರೆ ಅಧಿಕ ತೂಕ ಅನ್ನುತ್ತಾರೆ. ನಮ್ಮಂಥ ಏಷ್ಯಾದವರಿಗೆ 23ರಿಂದಲೇ ಎಚ್ಚರ, 27.5 ದಾಟಿದರೆ ಅಪಾಯ ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲೇ ಹೇಳಿದ್ದಾರೆ. ನಮ್ಮವರಿಗೆ ಕೈಕಾಲು ಸಣ್ಣಗಿದ್ದರೂ ಹೊಟ್ಟೆಯಲ್ಲಿ ಕೊಬ್ಬು ಕೂರುತ್ತದೆ, ಸಕ್ಕರೆ ಕಾಯಿಲೆ ಬೇಗ ಬರುತ್ತದೆ. ಗಂಡಸರ ಸೊಂಟ 90, ಹೆಂಗಸರದ್ದು 80 ಸೆಂ.ಮೀ. ದಾಟದಿದ್ದರೆ ಒಳ್ಳೆಯದು. ಒಂದು ಟೇಪು ಸಾಕು. ನನ್ನ ಪ್ಯಾಂಟು ಮೂರು ವರ್ಷದಿಂದ ಅದನ್ನೇ ಹೇಳುತ್ತಿತ್ತು.

ಆಮೇಲೆ ಏನು ಮಾಡಿದೆವು? ದೊಡ್ಡದೇನಿಲ್ಲ. ಭಟ್ಕಳದ ಒಬ್ಬ ಹಿರಿಯರು ರೂಮಿಗೆ ಬಂದರು. ಅವರದ್ದೊಂದು ಹಟ, ವಾರಕ್ಕೆರಡು ರಾತ್ರಿ ಕುಚ್ಚಲಕ್ಕಿ ಗಂಜಿ, ಒಣಮೀನು ಚಟ್ನಿ, ಅಷ್ಟೇ. ಮೊದಲು ಬೈದುಕೊಂಡೇ ಉಂಡೆವು. ಅಡುಗೆಯ ಪಾಳಿ ಬೇಗ ಮುಗಿಸಿ ಒಂಬತ್ತಕ್ಕೇ ಊಟ ಅಂತ ಆಯಿತು. ಅಕ್ಟೋಬರ್ ಕಳೆದು ಹವೆ ತಂಪಾದ ಮೇಲೆ ಸಂಜೆ ನಡಿಗೆ. ಎರಡು ವರ್ಷಕ್ಕೆ 70ಕ್ಕೆ ಬಂದೆ. ಬಿಎಂಐ 23ರ ಲೆಕ್ಕದಲ್ಲಿ ಇನ್ನೂ ಸಾಲಗಾರನೇ.

ಹಾಗೆ ಇಳಿದು ಊರಿಗೆ ಬಂದರೆ ಅಮ್ಮ ಬಾಗಿಲಲ್ಲೇ ಕಣ್ಣೀರು ಹಾಕಿದಳು. "ಸೊರಗಿ ಕಡ್ಡಿ ಆದೆಯಲ್ಲೋ ಮಗಾ, ಅಲ್ಲಿ ಅನ್ನ ಹಾಕೋದಿಲ್ಲವಾ?" ಆವತ್ತು ಹಬ್ಬ ಇರಲಿಲ್ಲ, ಆದರೂ ಹೋಳಿಗೆ ಇತ್ತು. ಎಷ್ಟು ತಿಂದೆ ಅಂತ ಈ ಸಭೆಯಲ್ಲಿ ಹೇಳುವುದಿಲ್ಲ.

ಪ್ರಶ್ನೆ ಇದ್ದವರು ಕೇಳಿ. ಹಿಂದೆ ಚಾ ಬರುತ್ತಿದೆ. ಸಕ್ಕರೆ ಬೇಡ ಅನ್ನುವವರು ಈಗಲೇ ಕೈ ಎತ್ತಿಬಿಡಿ, ಹುಡುಗ ಆಗಲೇ ಡಬ್ಬಿ ತೆಗೆಯುತ್ತಿದ್ದಾನೆ.